ಮುರಿದ ಚಿಪ್ ಚಾವಿ: ಹೊಸದಕ್ಕೆ ಹಣ ಕೊಡುವ ಮೊದಲು ದೋಷವನ್ನು ಪತ್ತೆಹಚ್ಚುವ ಬಗೆ

ಕಾರಿನ ಚಾವಿ ಮುರಿದಾಗ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೆಂದರೆ ಬಿದ್ದ ಚೂರುಗಳನ್ನೆಲ್ಲ ಆರಿಸಿ ಒಂದು ಪೊಟ್ಟಣದಲ್ಲಿ ಕಟ್ಟಿಡುವುದು. ಒಡೆದ ಪ್ಲಾಸ್ಟಿಕ್ಕಿಗೆ ಬೆಲೆಯಿಲ್ಲ, ತುಂಡಾದ ಲೋಹದ ಅಲಗಿಗೂ ಹೆಚ್ಚಿನ ಬೆಲೆಯಿಲ್ಲ. ಆದರೆ ಕವಚದ ಒಂದು ಮೂಲೆಯಲ್ಲಿ ಕೂತಿರುವ, ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ನಳಿಗೆಯೋ ಕಪ್ಪು ತುಂಡೋ ಆದ ಚಿಪ್ ಕಣ್ಣು ತಪ್ಪಿ ಕಳೆದುಹೋದರೆ, ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ದುರಸ್ತಿ ಹಲವು ಸಾವಿರಕ್ಕೆ ಏರುತ್ತದೆ. ಮುರಿದ ಚಾವಿಗಳಲ್ಲಿ ಹೆಚ್ಚಿನವುಗಳ ಚಿಪ್ ಏನೂ ಆಗದೆ ಉಳಿದಿರುತ್ತದೆ. ಹೀಗಿದ್ದರೂ ಅಂಗಡಿಗೆ ಹೋದವರಿಗೆ ಕೇಳಿಬರುವ ಮೊದಲ ಮಾತು, ಪೂರ್ತಿ ಹೊಸ ಚಾವಿಯೇ ಬೇಕು ಎಂಬುದು. ಆ ಮಾತು ನಿಜವೋ ಅಲ್ಲವೋ ಎಂದು ಮನೆಯಲ್ಲಿಯೇ ತಿಳಿದುಕೊಳ್ಳಲು ಸಾಧ್ಯವಿದೆ.

ಈ ಕೈಪಿಡಿಯನ್ನು ಪುಣೆ ಮತ್ತು ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಅವರಲ್ಲಿ ಅನೇಕರು ಕಾರು ಕೊಂಡದ್ದು ಬೆಳಗಾವಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಆಗಿರುತ್ತದೆ, ಎರಡನೆಯ ಚಾವಿ ಊರಿನ ಮನೆಯ ತಿಜೋರಿಯಲ್ಲಿ ಭದ್ರವಾಗಿರುತ್ತದೆ, ಆರ್‌ಸಿ ಪುಸ್ತಕ ತಂದೆಯ ಅಥವಾ ಅಣ್ಣನ ಹೆಸರಿನಲ್ಲಿರುತ್ತದೆ. ಈ ಮೂರೂ ಸಂಗತಿಗಳು ಮುಂದೆ ಒಂದೊಂದಾಗಿ ಅಡ್ಡ ಬರುತ್ತವೆ.

ಒಂದು ಚಾವಿಯಲ್ಲಿ ಮೂರು ಕೆಲಸಗಳು

ಹೊರಗಿನಿಂದ ಒಂದೇ ವಸ್ತುವಾಗಿ ಕಾಣುವ ಚಾವಿಯೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಭಾಗಗಳಿವೆ. ಲೋಹದ ಅಲಗು ಬೀಗವನ್ನು ತಿರುಗಿಸುತ್ತದೆ, ಅಷ್ಟೇ. ಗುಂಡಿಗಳಿರುವ ರಿಮೋಟ್ ಭಾಗವು ಸಣ್ಣ ಬ್ಯಾಟರಿಯ ಬಲದಿಂದ, ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ, ಬಾಗಿಲು ತೆರೆಯುವ ಮತ್ತು ಮುಚ್ಚುವ ಸಂದೇಶವನ್ನು ಕಳಿಸುತ್ತದೆ. ಮೂರನೆಯದು ಇಮೊಬಿಲೈಜರಿನ (ಗುರುತು ಸಿಗದ ಚಾವಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆಯ) ಚಿಪ್, ಅಂದರೆ ಟ್ರಾನ್ಸ್‌ಪಾಂಡರ್. ಇದಕ್ಕೆ ಬ್ಯಾಟರಿ ಬೇಕಿಲ್ಲ. ಚಾವಿಯನ್ನು ಇಗ್ನಿಷನ್ನಿನಲ್ಲಿ ಹಾಕಿ ಆನ್ ಮಾಡಿದಾಗ ಬೀಗದ ಬಾಯಿಯ ಸುತ್ತ ಅಡಗಿರುವ ತಂತಿಯ ಸುರುಳಿಯು ಸುಮಾರು 125 ಕಿಲೋಹರ್ಟ್ಸ್ ಕಂಪನದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಆ ಕ್ಷೇತ್ರದಿಂದಲೇ ಚಿಪ್ ತನಗೆ ಬೇಕಾದ ಅಲ್ಪ ವಿದ್ಯುತ್ತನ್ನು ಪಡೆದು ಎಚ್ಚರಗೊಂಡು ಉತ್ತರ ಕೊಡುತ್ತದೆ. ಹಳೆಯ ಚಿಪ್ಪುಗಳು ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ಹೇಳುತ್ತಿದ್ದವು. ನಂತರದ ಚಿಪ್ಪುಗಳಿಗೆ ಕಾರು ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳಿಸುತ್ತದೆ, ಚಿಪ್ ತನ್ನೊಳಗಿನ ರಹಸ್ಯಸಂಖ್ಯೆಯೊಡನೆ ಅದನ್ನು ಸೇರಿಸಿ ಲೆಕ್ಕ ಮಾಡಿ ಫಲವನ್ನು ಹಿಂದಿರುಗಿಸುತ್ತದೆ. ಕಾರು ತಾನೇ ಮಾಡಿದ ಲೆಕ್ಕಕ್ಕೆ ಅದು ತಾಳೆಯಾದರೆ ಮಾತ್ರ ಎಂಜಿನ್ನಿನ ನಿಯಂತ್ರಣ ಗಣಕವಾದ ಇಸಿಯು ಇಂಧನಕ್ಕೂ ಕಿಡಿಗೂ ಅನುಮತಿ ಕೊಡುತ್ತದೆ. ಈ ಸಂಭಾಷಣೆ ನಡೆಯುವುದು ಕೆಲವೇ ಸೆಂಟಿಮೀಟರ್ ದೂರದಲ್ಲಿ.

ಯುರೋಪಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇಮೊಬಿಲೈಜರ್ ಕಡ್ಡಾಯವಾಯಿತು. ನಮ್ಮಲ್ಲಿ ಮಾರುತಿ ಸುಜುಕಿಯವರು ಐಕ್ಯಾಟ್ಸ್ ಎಂದು ಕರೆಯುವುದೂ ಇದೇ ವ್ಯವಸ್ಥೆಯನ್ನು. ಹೆಸರು ಯಾವುದಿದ್ದರೂ ತತ್ತ್ವ ಒಂದೇ ಆದ್ದರಿಂದ ಮುಂದಿನ ಪರೀಕ್ಷೆಗಳು ಹೆಚ್ಚುಕಡಿಮೆ ಎಲ್ಲ ಕಾರುಗಳಿಗೂ ಅನ್ವಯಿಸುತ್ತವೆ.

ಲಕ್ಷಣವನ್ನು ಓದುವುದು

ಮೊದಲು ನೋಡಬೇಕಾದದ್ದು ಮೀಟರ್ ಫಲಕದಲ್ಲಿರುವ ಭದ್ರತೆಯ ದೀಪವನ್ನು. ಅದು ಚಾವಿಯ ಚಿತ್ರವಾಗಿರಬಹುದು, ಬೀಗದ ಅಥವಾ ಕಾರಿನೊಳಗೆ ಚಾವಿ ಇರುವ ಚಿತ್ರವಾಗಿರಬಹುದು. ಹೋಂಡಾ ಕಾರುಗಳಲ್ಲಿ ಅದು ಹಸಿರು ಬಣ್ಣದ ಚಾವಿ. ಇಗ್ನಿಷನ್ ಆನ್ ಮಾಡಿದ ಕೂಡಲೇ ಹೊತ್ತಿ ಒಂದೆರಡು ಸೆಕೆಂಡಿನಲ್ಲಿ ಆರಿಹೋದರೆ ಕಾರು ಚಿಪ್ಪನ್ನು ಗುರುತಿಸಿದೆ ಎಂದರ್ಥ. ಆರದೆ ಉಳಿದರೆ ಅಥವಾ ಬೇಗಬೇಗನೆ ಮಿನುಗತೊಡಗಿದರೆ ಗುರುತಿಸಿಲ್ಲ. ನಿಲ್ಲಿಸಿ ಬೀಗ ಹಾಕಿದ ಕಾರಿನಲ್ಲಿ ಇದೇ ದೀಪ ನಿಧಾನವಾಗಿ ಮಿನುಗುವುದು ಸಹಜ, ಅದನ್ನು ದೋಷವೆಂದು ತಿಳಿಯಬಾರದು. ತಮ್ಮ ಮಾದರಿಯಲ್ಲಿ ದೀಪ ಹೇಗೆ ವರ್ತಿಸುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಗ್ಲೋವ್ ಬಾಕ್ಸಿನಲ್ಲಿರುವ ಆ ಪುಸ್ತಕವನ್ನು ನಾವು ಓದುವುದು ಇಂಥ ದಿನಗಳಲ್ಲಿಯೇ.

ಎರಡನೆಯದಾಗಿ, ಸೆಲ್ಫ್ ಹೊಡೆದಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಬಳಗದ ಅನೇಕ ಕಾರುಗಳು ಚಿಪ್ಪನ್ನು ಗುರುತಿಸದಿದ್ದರೂ ಚಾಲೂ ಆಗಿ ಒಂದೆರಡು ಸೆಕೆಂಡಿನಲ್ಲಿ ತಾವಾಗಿ ನಿಂತುಹೋಗುತ್ತವೆ. ಬೇರೆ ಕೆಲವು ಕಾರುಗಳಲ್ಲಿ ಎಂಜಿನ್ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಮತ್ತೆ ಕೆಲವು ಕಾರುಗಳಲ್ಲಿ ಸೆಲ್ಫ್ ಮೋಟಾರೇ ಅಲುಗುವುದಿಲ್ಲ. ಮೂರೂ ಸಂದರ್ಭಗಳಲ್ಲಿ ಭದ್ರತೆಯ ದೀಪ ದೂರು ಹೇಳುತ್ತಿದ್ದರೆ ಮಾತ್ರ ಇಮೊಬಿಲೈಜರನ್ನು ಸಂಶಯಿಸಬೇಕು. ದೀಪ ಸರಿಯಾಗಿ ಆರಿದ ಮೇಲೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಇಂಧನದ ಪಂಪು, ಫ್ಯೂಸು, ಕ್ರ್ಯಾಂಕ್ ಸೆನ್ಸರ್ ಮುಂತಾದ ಬೇರೆ ದಾರಿಯನ್ನು ಹಿಡಿಯಬೇಕು. ಆಗ ಚಾವಿಗೆ ಎಷ್ಟು ಹಣ ಸುರಿದರೂ ಕಾರು ಕದಲುವುದಿಲ್ಲ.

ಕಾರಿನ ದೊಡ್ಡ ಬ್ಯಾಟರಿಯನ್ನು ಇಲ್ಲಿಯೇ ಪರೀಕ್ಷಿಸಿಬಿಡಬೇಕು. ಏಕೆಂದರೆ ಅದು ದುರ್ಬಲವಾದಾಗ ಸೆಲ್ಫ್ ಹೊಡೆಯುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು, ಚಿಪ್ಪನ್ನು ಓದುವ ಘಟಕವೂ ತಡವರಿಸಿ, ಚಾವಿಯ ದೋಷದ ಲಕ್ಷಣಗಳನ್ನೇ ತೋರಿಸುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.4 ವೋಲ್ಟಿಗಿಂತ ಮೇಲಿದ್ದರೆ ಚಿಂತೆಯಿಲ್ಲ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ, ಆಮೇಲೆ ಚಾವಿಯ ವಿಚಾರಣೆಗೆ ಹೊರಡಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರುಗಳಲ್ಲಿ ಈ ಗೊಂದಲ ಹೆಚ್ಚು.

ರಿಮೋಟಿನ ಸ್ಥಿತಿ ಚಿಪ್ಪಿನ ಸ್ಥಿತಿಯನ್ನು ಹೇಳುವುದಿಲ್ಲ. ಗುಂಡಿ ಒತ್ತಿದರೆ ಬಾಗಿಲು ತೆರೆಯದಿದ್ದರೂ ಎಂಜಿನ್ ಚಾಲೂ ಆಗುತ್ತಿದ್ದರೆ ಸಿಆರ್ 2032 ಅಥವಾ ಸಿಆರ್ 1620ರಂಥ 3 ವೋಲ್ಟಿನ ನಾಣ್ಯ ಬ್ಯಾಟರಿಯೋ ಗುಂಡಿಯೋ ಕೆಟ್ಟಿದೆ, ಅಷ್ಟಕ್ಕೇ ಅಲ್ಲಿಗೆ ಮುಗಿಯಿತು. ಬ್ಯಾಟರಿಯ ಅಳತೆಯನ್ನು ಹಳೆಯದರ ಬೆನ್ನ ಮೇಲೆ ಓದಿಕೊಳ್ಳಬೇಕು. ಇದಕ್ಕೆ ವಿರುದ್ಧವಾಗಿ, ಗುಂಡಿಗೆ ಬಾಗಿಲು ಸರಿಯಾಗಿ ತೆರೆಯುತ್ತಿದ್ದು ಎಂಜಿನ್ ಮಾತ್ರ ಹೊತ್ತದಿದ್ದರೆ ಚಿಪ್ಪನ್ನು ಅಥವಾ ಬೀಗದ ಸುತ್ತಲಿನ ಸುರುಳಿಯನ್ನು ನೋಡಬೇಕು. ಬೀಳಿಸಿದ ಚಾವಿಗಳಲ್ಲಿ ಈ ಎರಡನೆಯ ಲಕ್ಷಣ ಪದೇಪದೇ ಕಾಣುತ್ತದೆ, ಅದರ ಕಾರಣವನ್ನು ಕವಚದ ಭಾಗದಲ್ಲಿ ಹೇಳಿದೆ.

ಇನ್ನು ನಿರ್ಣಾಯಕ ಪರೀಕ್ಷೆ. ಅಲಗು ಮುರಿದು ತಲೆಯ ಭಾಗ ಕೈಯಲ್ಲಿದ್ದರೆ, ಯಾವ ಚಾವಿವಾಲಾನ ಬಳಿಯಾದರೂ ಚಿಪ್ ಇಲ್ಲದ ಸಾದಾ ಲೋಹದ ನಕಲನ್ನು ಮಾಡಿಸಿ ಅದನ್ನು ಇಗ್ನಿಷನ್ನಿನಲ್ಲಿ ಹಾಕಬೇಕು. ಮುರಿದ ತಲೆಯನ್ನು ಬೀಗದ ಬಾಯಿಯ ಉಂಗುರಕ್ಕೆ ಒತ್ತಿ ಹಿಡಿದು ಚಾವಿ ತಿರುಗಿಸಬೇಕು. ಒಂದೇ ಕೋನದಲ್ಲಿ ಹಿಡಿದು ಕೈಬಿಡಬಾರದು, ತಲೆಯನ್ನು ನಾಲ್ಕು ಕಡೆಗೂ ಹೊರಳಿಸಿ ನೋಡಬೇಕು. ದೀಪ ಆರಿ ಎಂಜಿನ್ ಹೊತ್ತಿಕೊಂಡರೆ ಚಿಪ್ ಜೀವಂತವಾಗಿದೆ. ಅಂದಮೇಲೆ ಬೇಕಾದದ್ದು ಹೊಸ ಕವಚ ಮತ್ತು ಹೊಸ ಅಲಗು ಮಾತ್ರ, ಪ್ರೋಗ್ರಾಮಿಂಗ್ ಬೇಕಿಲ್ಲ. ಈ ಪರೀಕ್ಷೆಗೆ ಮುನ್ನ ಗೊಂಚಲಿನಲ್ಲಿರುವ ಇತರ ವಾಹನಗಳ ಚಾವಿಗಳನ್ನೂ ದಪ್ಪ ಉಕ್ಕಿನ ಬಳೆಯನ್ನೂ ಬೇರ್ಪಡಿಸಬೇಕು. ಎರಡು ಚಿಪ್ಪುಗಳು ಒಂದೇ ಸುರುಳಿಯ ಬಳಿ ಬಂದರೆ ಎರಡೂ ಏಕಕಾಲಕ್ಕೆ ಉತ್ತರಿಸಿ ಕಾರಿಗೆ ಒಂದೂ ಅರ್ಥವಾಗದೆ ಹೋಗುವುದುಂಟು. ಚಾವಿಯೇ ಕೆಟ್ಟಿದೆ ಎಂದು ತೀರ್ಮಾನಿಸಿದವರಲ್ಲಿ ಕೆಲವರ ಸಮಸ್ಯೆ ಗೊಂಚಲನ್ನು ಬಿಡಿಸಿದಷ್ಟರಿಂದಲೇ ಬಗೆಹರಿಯುತ್ತದೆ.

ಊರಿನಲ್ಲಿರುವ ಎರಡನೆಯ ಚಾವಿ ಇಲ್ಲಿ ಬೆಲೆಬಾಳುವ ಸಾಕ್ಷಿ. ಹುಬ್ಬಳ್ಳಿಯಿಂದ ಸಂಜೆಯ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಬೆಳಗಿನ ಹೊತ್ತಿಗೆ ಸ್ವಾರ್‌ಗೇಟಿನಲ್ಲಿ ಕೈಗೆ ಸಿಗುತ್ತದೆ. ಅವಸರದಲ್ಲಿ ಹೊಸ ಚಾವಿಗೆ ಮುಂಗಡ ಕೊಡುವುದಕ್ಕಿಂತ ಒಂದು ರಾತ್ರಿ ಕಾಯುವುದು ಲೇಸು. ಎರಡನೆಯ ಚಾವಿಯಿಂದ ಕಾರು ಸರಾಗವಾಗಿ ಚಾಲೂ ಆದರೆ ದೋಷ ಮುರಿದ ಚಾವಿಯಲ್ಲಿದೆ. ಎರಡನೆಯದನ್ನೂ ಕಾರು ಗುರುತಿಸದಿದ್ದರೆ ದೋಷ ಚಾವಿಯದ್ದೇ ಅಲ್ಲ: ಸುರುಳಿ, ಅದರ ಕನೆಕ್ಟರ್, ಫ್ಯೂಸು ಅಥವಾ ಇಮೊಬಿಲೈಜರಿನ ಘಟಕವನ್ನು ತಪಾಸಿಸಬೇಕು. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾವುದೋ ಕಾರಣಕ್ಕೆ, ಅಲಾರಂ ಕೂಡಿಸಲೆಂದೋ ಮ್ಯೂಸಿಕ್ ಸಿಸ್ಟಮ್ ಹಾಕಲೆಂದೋ, ಇತ್ತೀಚೆಗೆ ಬಿಚ್ಚಿಸಿದ್ದರೆ ಆ ಸುರುಳಿಯ ಕನೆಕ್ಟರ್ ಸಡಿಲವಾಗಿರುವ ಸಂಭವವನ್ನು ಮೊದಲು ಪರಿಶೀಲಿಸಬೇಕು. ನೆರೆಯ ನೀರು ಒಳಗೆ ನುಗ್ಗಿದ ಕಾರಿನಲ್ಲಿ ಕನೆಕ್ಟರಿನ ಪಿನ್ನುಗಳು ತಿಂಗಳುಗಳ ನಂತರ ಹಸಿರುಗಟ್ಟಿ, ಒಂದು ದಿನ ಸರಿಯಾಗಿ ಒಂದು ದಿನ ತಪ್ಪಾಗಿ ನಡೆದುಕೊಳ್ಳುತ್ತವೆ. ನದಿಯ ದಡದ ವಸತಿ ಸೊಸೈಟಿಗಳ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಇದನ್ನು ನೆನಪಿಡಬೇಕು.

ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿಯೂ ಇದೇ ತತ್ತ್ವದ ಒಂದು ಆಪದ್ಧರ್ಮವಿದೆ. ಚಾವಿಯ ಬ್ಯಾಟರಿ ಸತ್ತಾಗ ಅದನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ, ಅಥವಾ ಕೈಪಿಡಿಯಲ್ಲಿ ತೋರಿಸಿದ ಗೂಡಿನಲ್ಲಿಟ್ಟು, ಬ್ರೇಕನ್ನೂ, ಕ್ಲಚ್ ಇದ್ದರೆ ಅದನ್ನೂ ಒತ್ತಿ ಚಾಲೂ ಮಾಡಬಹುದು. ಬಾಗಿಲು ತೆರೆಯಲು ಆ ಚಾವಿಯ ಹೊಟ್ಟೆಯಲ್ಲಿಯೇ ಲೋಹದ ಸಣ್ಣ ಅಲಗೊಂದು ಅಡಗಿರುತ್ತದೆ.

ಬೀಗದೊಳಗೆ ಅಲಗು ಉಳಿದಾಗ

ಅಲಗು ಇಗ್ನಿಷನ್ನಿನೊಳಗೇ ತುಂಡಾದರೆ ಮಾಡಬಾರದ ಕೆಲಸಗಳೇ ಹೆಚ್ಚು. ತುಂಡಿಗೆ ಅಂಟು ಹಚ್ಚಿದ ಕಡ್ಡಿಯನ್ನು ತಾಗಿಸಿ ಎಳೆಯುವ ಉಪಾಯ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆ ಅಂಟು ಬೀಗದೊಳಗಿನ ತಗಡಿನ ಬಿಲ್ಲೆಗಳ ನಡುವೆ ಹರಿದು ಇಡೀ ಬೀಗವನ್ನೇ ಕೆಡಿಸುತ್ತದೆ. ತುಂಡಿನ ಹಿಂದೆ ಇನ್ನೊಂದು ಚಾವಿಯನ್ನು ತೂರಿಸಿದರೆ ಅದು ಇನ್ನೂ ಒಳಕ್ಕೆ ಸರಿಯುತ್ತದೆ. ತುಂಡು ಹೊರಬರಬೇಕಾದರೆ ಬೀಗವು ಚಾವಿ ಹಾಕುವ ಮತ್ತು ತೆಗೆಯುವ ಸ್ಥಾನದಲ್ಲಿರಬೇಕು. ಆನ್ ಸ್ಥಾನದಲ್ಲಿಯೋ ನಡುವೆಯೋ ಸಿಕ್ಕಿಕೊಂಡಿದ್ದರೆ ಮೊದಲು ತೆಳುವಾದ ಚಪ್ಪಟೆ ಸಲಕರಣೆಯಿಂದ ತುಂಡನ್ನೇ ಹಿಡಿದು ಮೃದುವಾಗಿ ಹಿಂದಕ್ಕೆ ತಿರುಗಿಸಬೇಕು, ಅದಾಗದೆ ಎಳೆದರೆ ಬಿಲ್ಲೆಗಳು ಕಚ್ಚಿ ಹಿಡಿಯುತ್ತವೆ. ಬಾಯಿಯಲ್ಲಿ ಅಂಚು ಕಾಣುತ್ತಿದ್ದರೆ ಚೂಪಾದ ಚಿಮಟದಿಂದ ಎಳೆಯಬಹುದು. ಒಳಗೆ ಹೋಗಿದ್ದರೆ ತುದಿಯಲ್ಲಿ ಕೊಕ್ಕೆಯಿರುವ ಎಕ್ಸ್‌ಟ್ರ್ಯಾಕ್ಟರನ್ನು ಅಲಗಿನ ಹಲ್ಲುಗಳ ಪಕ್ಕದಿಂದ ತೂರಿಸಿ, ಕೊಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ, ನೇರವಾಗಿ ಹೊರಕ್ಕೆ ಎಳೆಯಬೇಕು. ಗ್ರ್ಯಾಫೈಟ್ ಪುಡಿಯಂಥ ಒಣ ಜಾರುಕವನ್ನು ಸ್ವಲ್ಪ ಹಾಕಬಹುದು. ಗಟ್ಟಿಯಾದ ಎಣ್ಣೆ ಅಥವಾ ಗ್ರೀಸ್ ಧೂಳನ್ನು ಹಿಡಿದು ಮುಂದೆ ತೊಂದರೆ ಕೊಡುತ್ತದೆ.

ಈ ಒಂದು ಕೆಲಸದಲ್ಲಿ ಅಧಿಕೃತ ಸರ್ವಿಸ್ ಕೇಂದ್ರಕ್ಕಿಂತ ರಸ್ತೆ ಬದಿಯ ನುರಿತ ಚಾವಿವಾಲಾನೇ ಮೇಲು ಎಂಬುದು ನನ್ನ ಅಭಿಪ್ರಾಯ. ಸರ್ವಿಸ್ ಕೇಂದ್ರದಲ್ಲಿ ಬೀಗದ ಕೊಳವೆಯನ್ನೇ ಬದಲಿಸುವ ಪ್ರಸ್ತಾಪ ಬರುವ ಸಂಭವ ಹೆಚ್ಚು. ಚಾವಿವಾಲಾನಿಗೆ ತುಂಡನ್ನು ತೆಗೆಯುವುದು ದಿನನಿತ್ಯದ ಕಸುಬು. ತೆಗೆದ ತುಂಡನ್ನು ಎಸೆಯದೆ ಕೇಳಿ ಪಡೆಯಬೇಕು, ಎರಡು ತುಂಡುಗಳನ್ನು ಜೋಡಿಸಿ ಹಲ್ಲುಗಳ ಅಳತೆಯನ್ನು ಓದಲು ಅದು ಬೇಕಾಗುತ್ತದೆ.

ಪುಣೆ-ಸಾತಾರಾ ಹೆದ್ದಾರಿಯ ಖಂಬಾಟಕಿ ಘಾಟಿನಂಥ ಜಾಗದಲ್ಲಿ ಚಾವಿ ಮುರಿದು ಕಾರು ನಿಂತರೆ ಸ್ಟೀರಿಂಗ್ ಲಾಕ್ ಬಿದ್ದಿದೆಯೇ ಎಂದು ನೋಡಬೇಕು. ಬಿದ್ದಿದ್ದರೆ ಹಗ್ಗ ಕಟ್ಟಿ ಎಳೆಯುವ ಮಾತೇ ಬೇಡ, ಕಾರನ್ನು ಪೂರ್ತಿಯಾಗಿ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಗಾಡಿಯನ್ನೇ ಕರೆಸಬೇಕು. ಆಟೊಮ್ಯಾಟಿಕ್ ಗೇರಿನ ಕಾರುಗಳನ್ನು ನ್ಯೂಟ್ರಲ್ಲಿಗೆ ತರಲು ಗೇರ್ ಹಿಡಿಯ ಪಕ್ಕದಲ್ಲಿ ಮುಚ್ಚಳದ ಕೆಳಗೆ ಒಂದು ಬಿಡುಗಡೆಯ ಗುಂಡಿ ಅನೇಕ ಮಾದರಿಗಳಲ್ಲಿ ಇರುತ್ತದೆ.

ಚಿಪ್ ಜೀವಂತವಿದ್ದರೆ: ಕವಚದ ಬದಲಾವಣೆ

ಕಾರಿನ ಬಿಡಿಭಾಗಗಳಿಗೆ ಹೆಸರಾದ ಪುಣೆಯ ನಾನಾ ಪೇಠೆಯಲ್ಲಿ ಸಾಮಾನ್ಯ ಮಾದರಿಗಳ ಖಾಲಿ ಕವಚಗಳು ಕೆಲವು ನೂರು ರೂಪಾಯಿಗಳಿಗೆ ಸಿಗುತ್ತವೆ. ಕೊಳ್ಳುವ ಮುನ್ನ ಹಳೆಯ ಚಾವಿಯನ್ನು ತೋರಿಸಿ ಗುಂಡಿಗಳ ಸಂಖ್ಯೆ, ಬ್ಯಾಟರಿಯ ಗೂಡು, ಸರ್ಕ್ಯೂಟ್ ಹಲಗೆ ಕೂರುವ ಜಾಗ ಮತ್ತು ಅಲಗಿನ ಬುಡದ ಆಕಾರ ನಾಲ್ಕನ್ನೂ ಹೋಲಿಸಿ ನೋಡಬೇಕು. ಹೊರನೋಟಕ್ಕೆ ಒಂದೇ ತರಹ ಕಾಣುವ ಕವಚಗಳಲ್ಲಿ ಒಳಗಿನ ಗೂಡು ಬೇರೆಯಾಗಿರುತ್ತದೆ.

ಕವಚವನ್ನು ಬಿಚ್ಚಿದಾಗ ಚಿಪ್ ಎಲ್ಲಿದೆ ಎಂದು ಗುರುತಿಸದೆ ಮುಂದುವರಿಯಬಾರದು. ಹಲವು ಚಾವಿಗಳಲ್ಲಿ ಅದು ಸರ್ಕ್ಯೂಟ್ ಹಲಗೆಯಿಂದ ಬೇರೆಯಾಗಿ, 12 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಕಪ್ಪು ತುಂಡಾಗಿ ಒಂದು ಪಕ್ಕದ ಗೂಡಿನಲ್ಲಿ ಅಂಟಿಕೊಂಡಿರುತ್ತದೆ. ಹೊಸ ಕವಚಕ್ಕೆ ಸರ್ಕ್ಯೂಟ್ ಹಲಗೆಯನ್ನು ಮಾತ್ರ ವರ್ಗಾಯಿಸಿ, ಈ ತುಂಡನ್ನು ಹಳೆಯ ಕವಚದೊಡನೆ ಕಸದ ಬುಟ್ಟಿಗೆ ಹಾಕುವುದು ಈ ಇಡೀ ವಿಷಯದಲ್ಲಿ ಅತಿ ದುಬಾರಿಯಾದ ಪ್ರಮಾದ, ರಿಮೋಟ್ ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದ ಅದು ತಕ್ಷಣಕ್ಕೆ ಗೊತ್ತಾಗುವುದೂ ಇಲ್ಲ. ತುಂಡನ್ನು ಬಿಡಿಸುವಾಗ ಲೋಹದ ಸ್ಕ್ರೂಡ್ರೈವರಿನಿಂದ ಮೀಟಬಾರದು, ಒಳಗಿನ ಸುರುಳಿಯ ಫೆರೈಟ್ ತಿರುಳು ಮುರಿದರೆ ಅಥವಾ ಗಾಜಿನ ನಳಿಗೆ ಬಿರುಕು ಬಿಟ್ಟರೆ ಚಿಪ್ ಹೋದಂತೆಯೇ. ಅಂಟಿನ ಸುತ್ತಲಿನ ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಕೊಂಚ ಕೊಂಚವಾಗಿ ಕತ್ತರಿಸಿ ಸಡಿಲಿಸಬೇಕು. ಹೊಸ ಗೂಡಿನಲ್ಲಿ ಅದು ಹಳೆಯದರಲ್ಲಿ ಹೇಗಿತ್ತೋ ಅದೇ ದಿಕ್ಕಿನಲ್ಲಿ ಕೂರಬೇಕು. ಚಿಪ್ಪಿನೊಳಗಿನ ಸುರುಳಿಯ ಅಕ್ಷ ಅಡ್ಡವಾದರೆ ಕಾರಿನ ಉಂಗುರದಿಂದ ಅದಕ್ಕೆ ಸಾಕಷ್ಟು ಶಕ್ತಿ ತಲುಪದೆ ಎಂಜಿನ್ ಒಮ್ಮೆ ಹೊತ್ತಿ ಒಮ್ಮೆ ಹೊತ್ತದಿರುವ ಹೊಸ ಕಾಯಿಲೆ ಹುಟ್ಟುತ್ತದೆ.

ಬೇರೆ ಚಾವಿಗಳಲ್ಲಿ ಪ್ರತ್ಯೇಕವಾದ ತುಂಡು ಇರುವುದೇ ಇಲ್ಲ. ರಿಮೋಟಿನ ಮತ್ತು ಟ್ರಾನ್ಸ್‌ಪಾಂಡರಿನ ಕೆಲಸಗಳೆರಡನ್ನೂ ಹಲಗೆಯ ಮೇಲಿನ ಒಂದೇ ಐಸಿ ಮಾಡುತ್ತದೆ, ಅದರ ಪಕ್ಕದಲ್ಲಿ ಕಪ್ಪು ಬಣ್ಣದ ಆಯತಾಕಾರದ ಸಣ್ಣ ಸುರುಳಿಯೊಂದನ್ನು ಬೆಸೆದಿರುತ್ತಾರೆ. ಹಲಗೆಯ ಮೇಲಿನ ಭಾಗಗಳಲ್ಲಿ ಹೆಚ್ಚು ತೂಕದ್ದು ಅದೇ ಆಗಿರುವುದರಿಂದ ಚಾವಿ ನೆಲಕ್ಕೆ ಬಿದ್ದಾಗ ಮೊದಲು ಬಿರುಕು ಬಿಡುವುದು ಅದರ ಬೆಸುಗೆ. ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹೊತ್ತುವುದಿಲ್ಲ ಎಂಬ ಲಕ್ಷಣಕ್ಕೆ ಇದೇ ಕಾರಣ. ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಗಲ್ಲಿಗಳಲ್ಲಿ ಮೊಬೈಲ್ ದುರಸ್ತಿ ಮಾಡುವವರು ಇದನ್ನು ಕೆಲವೇ ನಿಮಿಷಗಳಲ್ಲಿ ಮರುಬೆಸುಗೆ ಮಾಡಿಕೊಡಬಲ್ಲರು. ಸುರುಳಿಯೇ ಒಡೆದಿದ್ದರೂ ಅದೇ ಮೌಲ್ಯದ ಇನ್ನೊಂದನ್ನು ಹಾಕಬಹುದು, ಐಸಿಯಲ್ಲಿರುವ ರಹಸ್ಯಸಂಖ್ಯೆಗೆ ಏನೂ ಆಗುವುದಿಲ್ಲ. ಹೀಗೆ ಬದುಕಬಹುದಾದ ಚಾವಿಗಳನ್ನು ಸತ್ತವೆಂದು ಬರೆದುಹಾಕುವುದನ್ನು ಕಂಡಾಗ ಬೇಸರವಾಗುತ್ತದೆ.

ಮಳೆಯಲ್ಲಿ ಪೂರ್ತಿ ತೊಯ್ದ ಚಾವಿಗೂ ಇಲ್ಲಿಯೇ ಒಂದು ಮಾತು: ಬ್ಯಾಟರಿಯನ್ನು ತಡಮಾಡದೆ ತೆಗೆಯಬೇಕು, ಹಲಗೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಗಾಳಿಯಲ್ಲಿ ಒಣಗಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಹಿಟ್ಟಿನ ಧೂಳು ಸೇರುತ್ತದೆಯೇ ಹೊರತು ಲಾಭವಿಲ್ಲ.

ಮಡಚುವ ಚಾವಿಯಲ್ಲಿ ಅಲಗು ಸರಿಯಿದ್ದು ತಿರುಗಣೆ ಮಾತ್ರ ಒಡೆದಿದ್ದರೆ ಅಲಗಿನ ಬುಡದ ಸಣ್ಣ ಉಕ್ಕಿನ ಪಿನ್ನನ್ನು ತೆಳುವಾದ ಪಂಚಿನಿಂದ ಹೊಡೆದು ತೆಗೆದು, ಅದೇ ಅಲಗನ್ನು ಹೊಸ ಕವಚಕ್ಕೆ ಕೂಡಿಸಬಹುದು. ಅಲಗೇ ಮುರಿದಿದ್ದರೆ ಹೊಸದನ್ನು ಸವೆದ ಹಳೆಯದರಿಂದ ನಕಲು ಮಾಡಿಸುವುದಕ್ಕಿಂತ, ಕಾರಿನೊಡನೆ ಬಂದ ಸಣ್ಣ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆಯ ಮೇಲಿನ ಚಾವಿ ಸಂಖ್ಯೆಯ ಪ್ರಕಾರ ಕತ್ತರಿಸಿಸುವುದು ಉತ್ತಮ. ನಕಲಿನಲ್ಲಿ ಹಳೆಯ ಸವೆತವೂ ಇಳಿದುಬರುತ್ತದೆ. ಬದಿಗೆ ಹಲ್ಲುಗಳಿರುವ ಸಾದಾ ಅಲಗನ್ನು ಸಣ್ಣ ಯಂತ್ರದಲ್ಲಿ ಕತ್ತರಿಸಬಹುದು, ಮೈಮೇಲೆ ಅಂಕುಡೊಂಕಾದ ಕಾಲುವೆ ಕೊರೆದ ಅಲಗಿಗೆ ಅದಕ್ಕೆಂದೇ ಇರುವ ಯಂತ್ರ ಬೇಕು.

ಚಿಪ್ ಕಳೆದಿದ್ದರೆ ಅಥವಾ ಸತ್ತಿದ್ದರೆ

ಇಲ್ಲಿ ಎರಡು ದಾರಿಗಳಿವೆ. ಒಂದು, ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸುವುದು. ಸ್ಟೀರಿಂಗ್ ಕೆಳಗಿನ ಓಬಿಡಿ ಎಂಬ ದೋಷ ತಪಾಸಣೆಯ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸಿ, ಕಾರಿನ ಭದ್ರತೆಯ ಪಿನ್ ಸಂಖ್ಯೆಯನ್ನು ಕೊಟ್ಟು, ಚಿಪ್ಪಿನ ಗುರುತನ್ನು ಇಮೊಬಿಲೈಜರಿನ ನೆನಪಿನಲ್ಲಿ ಬರೆಯುತ್ತಾರೆ. ಅಧಿಕೃತ ಕೇಂದ್ರಗಳು ಈ ಪಿನ್ನನ್ನು 17 ಅಕ್ಷರಗಳ ಚಾಸಿ ಸಂಖ್ಯೆಯ ಆಧಾರದ ಮೇಲೆ ತಯಾರಕರಿಂದ ತರಿಸಿಕೊಳ್ಳುತ್ತವೆ. ಇಲ್ಲಿ ಗಮನಿಸಬೇಕಾದ ಒಂದು ಮುಖ್ಯ ಸಂಗತಿಯಿದೆ: ಅನೇಕ ಮಾದರಿಗಳಲ್ಲಿ ಹೊಸ ಚಾವಿಯನ್ನು ಸೇರಿಸುವಾಗ ಹಳೆಯ ನೆನಪನ್ನೆಲ್ಲ ಅಳಿಸಿ, ಎದುರಿಗಿರುವ ಚಾವಿಗಳನ್ನು ಮಾತ್ರ ಮತ್ತೆ ಬರೆಯುತ್ತಾರೆ. ಆ ದಿನ ಊರಿನಲ್ಲಿದ್ದ ಎರಡನೆಯ ಚಾವಿ ಅಲ್ಲಿಂದ ಮುಂದೆ ಬಾಗಿಲನ್ನು ತೆರೆಯುತ್ತದೆ, ಎಂಜಿನ್ನನ್ನು ಹೊತ್ತಿಸುವುದಿಲ್ಲ. ಆದ್ದರಿಂದ ಕಾರಿಗೆ ಸೇರಿದ ಎಲ್ಲ ಚಾವಿಗಳನ್ನೂ ತರಿಸಿಕೊಂಡ ಮೇಲೆಯೇ ಪ್ರೋಗ್ರಾಮಿಂಗಿಗೆ ಹೋಗಬೇಕು.

ಇನ್ನೊಂದು ದಾರಿ ಕ್ಲೋನಿಂಗ್, ಅಂದರೆ ಕೆಲಸ ಮಾಡುತ್ತಿರುವ ಚಾವಿಯ ಚಿಪ್ಪಿನ ಗುರುತನ್ನು ಖಾಲಿ ಚಿಪ್ಪಿಗೆ ಇಳಿಸುವುದು. ಇದಕ್ಕೆ ಎರಡನೆಯ ಚಾವಿಯಾದರೂ ಕೈಯಲ್ಲಿರಬೇಕು. ಕಾರಿನ ನೆನಪನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ, ಕಾರು ಎರಡನ್ನೂ ಒಂದೇ ಚಾವಿಯೆಂದು ತಿಳಿಯುತ್ತದೆ. ರಸ್ತೆ ಬದಿಯ ಅಂಗಡಿಯಲ್ಲಿ ಇದು ಸಾಧ್ಯವಾದದ್ದು ಹೇಗೆಂದರೆ, ಹಳೆಯ ಚಿಪ್ಪುಗಳ ಗೂಢಲಿಪಿಗಳು ಭೇದಿಸಲ್ಪಟ್ಟು ಬಹಳ ಕಾಲವಾಯಿತು: 40 ಬಿಟ್ ರಹಸ್ಯಸಂಖ್ಯೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪನ್ನು 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಭೇದಿಸಿದರು, 48 ಬಿಟ್‌ಗಳ ಹಿಟ್ಯಾಗ್ 2 ಎಂಬ ಚಿಪ್ಪಿನ ಗೂಢಲಿಪಿಯನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದೆಂದು 2012ರಲ್ಲಿ ಯುರೋಪಿನ ಸಂಶೋಧಕರು ತೋರಿಸಿದರು. ಈಚಿನ ಕಾರುಗಳ 128 ಬಿಟ್‌ ಎಇಎಸ್ ಗೂಢಲಿಪಿಯ ಚಿಪ್ಪುಗಳಿಗೆ ಈ ಮಾತು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅವುಗಳಿಗೆ ಹೆಚ್ಚಾಗಿ ಮೊದಲ ದಾರಿಯೇ ಗತಿ. ಕ್ಲೋನಿನ ಒಂದು ಮಿತಿಯನ್ನು ಅರಿತಿರಬೇಕು: ಎರಡು ಚಾವಿಗಳಲ್ಲಿ ಒಂದು ಕಳುವಾದರೆ ಅದನ್ನು ಮಾತ್ರ ಕಾರಿನ ನೆನಪಿನಿಂದ ಅಳಿಸಲು ಬರುವುದಿಲ್ಲ, ಎರಡೂ ಒಟ್ಟಿಗೇ ಅಳಿಯುತ್ತವೆ.

ಯಾವ ಚಾವಿಯೂ ಉಳಿದಿಲ್ಲವಾದರೆ ಕೆಲಸ ಕಠಿಣವಾಗುತ್ತದೆ. ಪಿನ್ ದೊರೆಯುವ ಕಾರುಗಳಲ್ಲಿ ಅಧಿಕೃತ ಕೇಂದ್ರವೇ ಮಾಡಿಕೊಡುತ್ತದೆ. ಹೊರಗಿನ ತಂತ್ರಜ್ಞರಲ್ಲಿ ಕೆಲವರು ಇಮೊಬಿಲೈಜರ್ ಘಟಕವನ್ನು ಬಿಚ್ಚಿ, ನೆನಪನ್ನು ಹಿಡಿದಿಡುವ ಅದರ ಈಪ್ರೋಮ್ ಐಸಿಯನ್ನು ಓದಿ, ಹೊಸ ಚಿಪ್ಪಿನ ವಿವರವನ್ನು ಬರೆಯುತ್ತಾರೆ. ಮೂಲ ದತ್ತಾಂಶದ ಒಂದು ಪ್ರತಿಯನ್ನು ಮೊದಲು ಉಳಿಸಿಕೊಳ್ಳದೆ ಈ ಕೆಲಸಕ್ಕೆ ಕೈಹಾಕುವವರಿಗೆ ಕಾರನ್ನು ಒಪ್ಪಿಸಬಾರದು. ಚಿಪ್ಪೊಂದನ್ನು ಡ್ಯಾಶ್‌ಬೋರ್ಡಿನೊಳಗೆ ಸುರುಳಿಯ ಪಕ್ಕದಲ್ಲಿ ಶಾಶ್ವತವಾಗಿ ಅಂಟಿಸಿ, ಇನ್ನು ಸಾದಾ ಚಾವಿ ಸಾಕು ಎಂದು ಹೇಳುವವರೂ ಸಿಗುತ್ತಾರೆ. ಅಗ್ಗವೂ ಹೌದು, ಕೆಲಸವೂ ನಡೆಯುತ್ತದೆ. ಆದರೆ ಆ ಕ್ಷಣದಿಂದ ಕಾರಿಗೆ ಇಮೊಬಿಲೈಜರ್ ಇಲ್ಲದಂತೆಯೇ.

ಕಾಗದಪತ್ರಗಳು

ಅಧಿಕೃತ ಕೇಂದ್ರದಲ್ಲಿ ಆರ್‌ಸಿ, ಮಾಲೀಕರ ಗುರುತಿನ ಚೀಟಿ ಮತ್ತು ಇದ್ದರೆ ಚಾವಿ ಸಂಖ್ಯೆಯ ಬಿಲ್ಲೆಯನ್ನು ಕೇಳುತ್ತಾರೆ. ಕೆಎ 22 ಅಥವಾ ಕೆಎ 25ರ ನೋಂದಣಿ ಇದಕ್ಕೆ ಅಡ್ಡಿಯಲ್ಲ, ಆದೇಶ ಹೋಗುವುದು ಚಾಸಿ ಸಂಖ್ಯೆಯ ಮೇಲೆ. ಅಡ್ಡಿಯಾಗುವುದು ಆರ್‌ಸಿಯಲ್ಲಿರುವ ಹೆಸರು. ಕಾರು ತಂದೆಯ ಹೆಸರಿನಲ್ಲಿದ್ದರೆ ಅವರ ಸಹಿಯುಳ್ಳ ಪತ್ರವನ್ನೂ ಗುರುತಿನ ಚೀಟಿಯ ಪ್ರತಿಯನ್ನೂ ಮೊದಲೇ ತರಿಸಿಕೊಂಡಿರಬೇಕು. ಸೆಕೆಂಡ್‌ಹ್ಯಾಂಡ್ ಕೊಂಡು ಹೆಸರು ವರ್ಗಾವಣೆ ಮಾಡಿಸದೆ ಉಳಿದವರಿಗೆ ಚಾವಿ ಕೊಡಲು ಕೇಂದ್ರದವರು ಹಿಂಜರಿದರೆ ಅದನ್ನು ತಪ್ಪೆನ್ನಲಾಗದು, ಯಾರು ಕೇಳಿದರೂ ಚಾವಿ ಕೊಡುವ ವ್ಯವಸ್ಥೆಯಲ್ಲಿ ಚಿಪ್ಪಿಗೆ ಅರ್ಥವೇ ಇರುವುದಿಲ್ಲ.

ಚಾವಿ ಮುರಿದದ್ದಕ್ಕೆ ಪೊಲೀಸ್ ದೂರು ಬೇಕಿಲ್ಲ, ಕಳೆದುಹೋಗಿದ್ದರೆ ದೂರು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಕಳೆದ ಚಾವಿಯ ಗುರುತನ್ನು ಕಾರಿನ ನೆನಪಿನಿಂದ ಅಳಿಸಲು ತಂತ್ರಜ್ಞರಿಗೆ ಸ್ಪಷ್ಟವಾಗಿ ಹೇಳಬೇಕು. ವಿಮೆಯ ಪಾಲಿಸಿಯಲ್ಲಿ ಚಾವಿ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದ್ದರೆ ಕೆಲಸ ಮಾಡಿಸುವ ಮುನ್ನವೇ ಕಂಪನಿಗೆ ತಿಳಿಸುವುದು ಸರಿಯಾದ ಕ್ರಮ. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿರುವುದಿಲ್ಲ: ಕಾರು ಕಳುವಾಗಿ ಪರಿಹಾರ ಕೇಳಿದಾಗ ವಿಮಾ ಕಂಪನಿಗಳು ಎರಡೂ ಮೂಲ ಚಾವಿಗಳನ್ನು ಒಪ್ಪಿಸುವಂತೆ ಹೇಳುವುದು ವಾಡಿಕೆ. ಮುರಿದ ಮೂಲ ಚಾವಿಯ ಅವಶೇಷವನ್ನೂ ಹೊಸದರ ರಸೀದಿಯನ್ನೂ ಕಾರು ಇರುವವರೆಗೆ ಕಾಪಾಡಬೇಕಾದದ್ದು ಇದೇ ಕಾರಣಕ್ಕೆ. ರಸೀದಿ ಕೊಡದ ಅಂಗಡಿಯಲ್ಲಿ ತುಂಡು ತೆಗೆಸಬಹುದು, ಕವಚ ಬದಲಿಸಬಹುದು, ಆದರೆ ಪ್ರೋಗ್ರಾಮಿಂಗ್ ಮಾಡಿಸಬಾರದು.

ಪಡೆದುಕೊಳ್ಳುವ ಮುನ್ನ

ಹೊಸ ಚಾವಿ ಕೈಗೆ ಬಂದಾಗ ಎಂಜಿನ್ ಒಮ್ಮೆ ಹೊತ್ತಿದ್ದನ್ನು ನೋಡಿ ತೃಪ್ತಿಪಡಬಾರದು. ಅಲಗು ಚಾಲಕನ ಬಾಗಿಲಿನ ಬೀಗ, ಡಿಕ್ಕಿ, ಗ್ಲೋವ್ ಬಾಕ್ಸ್ ಮತ್ತು ಇಂಧನದ ಮುಚ್ಚಳಗಳಲ್ಲಿ ಚಾವಿಯ ಬೀಗ ಇದ್ದಲ್ಲೆಲ್ಲ ತಡೆಯಿಲ್ಲದೆ ತಿರುಗಬೇಕು. ಇಗ್ನಿಷನ್ನಿನಲ್ಲಿ ಸರಿಯಾಗಿ ತಿರುಗಿ ಬಾಗಿಲಿನಲ್ಲಿ ಸಿಕ್ಕಿಕೊಳ್ಳುವ ಅಲಗನ್ನು ಅಲ್ಲಿಯೇ ತಿದ್ದಿಸಿಕೊಳ್ಳಬೇಕು, ಬಲವಂತವಾಗಿ ತಿರುಗಿಸುತ್ತ ಹೋದರೆ ಹೊಸ ಅಲಗೂ ಅದೇ ಜಾಗದಲ್ಲಿ ಮುರಿಯುತ್ತದೆ. ಎಂಜಿನ್ನನ್ನು ಪ್ರತಿಯೊಂದು ಚಾವಿಯಿಂದಲೂ ಬೇರೆಬೇರೆಯಾಗಿ, ಉಳಿದ ಚಾವಿಗಳನ್ನು ಕಾರಿನಿಂದ ದೂರವಿಟ್ಟು, ಚಾಲೂ ಮಾಡಿ ನೋಡಬೇಕು. ಇಮೊಬಿಲೈಜರಿನ ನೆನಪಿನಲ್ಲಿ ಈಗ ಎಷ್ಟು ಚಾವಿಗಳಿವೆ ಎಂಬ ಸಂಖ್ಯೆಯನ್ನು ಅನೇಕ ಕಾರುಗಳಲ್ಲಿ ಸ್ಕ್ಯಾನರ್ ತೋರಿಸುತ್ತದೆ, ಆ ಸಂಖ್ಯೆ (ಕ್ಲೋನನ್ನೂ ಅದರ ಮೂಲವನ್ನೂ ಒಂದೇ ಎಂದು ಎಣಿಸಿ) ಕೈಯಲ್ಲಿರುವ ಚಾವಿಗಳಿಗೆ ಸಮನಾಗಿದೆಯೇ ಎಂದು ಕಣ್ಣಾರೆ ನೋಡಬೇಕು. ಹಳೆಯ ಕಾರು ಕೊಳ್ಳುವವರಿಗೂ ಈ ತಪಾಸಣೆ ಅಷ್ಟೇ ಅಗತ್ಯ, ಒಂದು ಹೆಚ್ಚಿಗೆ ಇದ್ದರೆ ಆ ಚಾವಿ ಬೇರೆ ಯಾರದೋ ಬಳಿ ಇದೆ.

ಕೆಲವು ದಿನಗಳ ಬಳಕೆಯ ನಂತರ ಭದ್ರತೆಯ ದೀಪ ಒಮ್ಮೊಮ್ಮೆ ತಡವಾಗಿ ಆರತೊಡಗಿದರೆ ಚಾವಿಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಸಣ್ಣ ಸದ್ದು ಕೇಳಿಸಿದರೆ ಚಿಪ್ಪಿನ ಅಂಟು ಬಿಟ್ಟಿದೆ. ಕವಚವನ್ನು ಬಿಚ್ಚಿ ಅದನ್ನು ಗೂಡಿನಲ್ಲಿ ಸರಿಯಾಗಿ ಕೂರಿಸಿ ಮತ್ತೆ ಅಂಟಿಸಿದರೆ ಸಾಕು. ಸದ್ದಿಲ್ಲದಿದ್ದರೂ ಇದೇ ಲಕ್ಷಣ ಎರಡೂ ಚಾವಿಗಳಲ್ಲಿ ಕಂಡರೆ ಸ್ಟೀರಿಂಗ್ ಕೆಳಗಿನ ಹೊದಿಕೆಯನ್ನು ಬಿಚ್ಚಿಸಿ ಸುರುಳಿಯ ಕನೆಕ್ಟರನ್ನು ಪರೀಕ್ಷಿಸಬೇಕು.